ದೊರೆಯ ಕೈಗೆ ಚಮಚ

ನನ್ನ ತಮ್ಮನ ಮಗನಿಗೆ ಎರಡೂವರೆ ವರ್ಷ. ಮನೆಯಲ್ಲಿ ಎಲ್ಲರೂ ಅವನನ್ನು ದೊರೆ ಎನ್ನುತ್ತೇವೆ. ಅದನ್ನು ಮುದ್ದಿಗೆ ಇಟ್ಟ ಹೆಸರೆಂದು ಅಮ್ಮ ತಿಳಿದಿದ್ದಾಳೆ. ಇಟ್ಟವಳು ನಾನು, ಮುದ್ದಿಗಂತೂ ಇಡಲಿಲ್ಲ. ಹೊತ್ತಿಗೆ ಸರಿಯಾಗಿ ಕುರ್ಚಿ ಏರಿ ಬಾಯಿ ತೆರೆಯುವುದಷ್ಟೇ ಅವನ ರಾಜ್ಯಭಾರ, ಉಳಿದದ್ದಕ್ಕೆ ಆಳುಗಳಿದ್ದಾರೆ.

ಅವನ ಊಟದ ಹೊತ್ತಿಗೆ ನಮ್ಮ ಮನೆಯನ್ನು ನೋಡಬೇಕು. ಎದುರಿಗೆ ಗಂಜಿಯ ಬಟ್ಟಲು ಹಿಡಿದ ಅಮ್ಮ. ಪಕ್ಕದಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ನಿಂತ ನನ್ನ ತಮ್ಮ. ಹಿಂದೆ ಒದ್ದೆ ಬಟ್ಟೆ ಹಿಡಿದು ಗಲ್ಲ ಒರೆಸಲು ಕಾದಿರುವ ಅವನ ಹೆಂಡತಿ. ಅಮ್ಮ ಚಮಚ ತುಂಬಿ, ಬಟ್ಟಲಿನ ಅಂಚಿಗೆ ಅದರ ತಳ ಒರೆಸಿ, ಉಫ್ ಎಂದು ಊದಿ, "ಆ" ಎಂದು ಮೊದಲು ತಾನೇ ಬಾಯಿ ತೆರೆಯುತ್ತಾಳೆ. ಅದನ್ನು ಕಂಡು ತಮ್ಮನ ಬಾಯಿ ತೆರೆಯುತ್ತದೆ, ಅವನ ಹೆಂಡತಿಯದೂ ತೆರೆಯುತ್ತದೆ. ಇಷ್ಟೆಲ್ಲ ಬಾಯಿ ತೆರೆದಾದ ಮೇಲೆ ದೊರೆ ದೊಡ್ಡ ಮನಸ್ಸು ಮಾಡಿ ತನ್ನದನ್ನು ತೆರೆಯುತ್ತಾನೆ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಹೊಲಿಯುವವಳು. ಅವನ ಒಂದು ಬಟ್ಟಲು ಮುಗಿಯುವಷ್ಟರಲ್ಲಿ ನಾನು ಅಂಗಿಗೆ ತೋಳು ಕೂಡಿಸಿ, ಕಾಲರ್ ಇಟ್ಟು, ಗುಂಡಿಗೆ ಕೈ ಹಾಕಿರುತ್ತೇನೆ.

ಅವನು ಉಂಡು ಮಲಗಿದ ಮೇಲೆಯೇ ನಮ್ಮ ಊಟ. ಮಗುವಿನ ಎದುರಿಗೆ ದೊಡ್ಡವರು ತಿನ್ನಬಾರದು ಎನ್ನುವುದು ಅಮ್ಮನ ಕಾನೂನು. ಅದು ಎಲ್ಲಿಂದ ಬಂತೆಂದು ನಾವು ಯಾರೂ ಕೇಳಿದವರಲ್ಲ.

ತಮ್ಮನ ಹೆಂಡತಿಯ ರಜೆ ಮುಗಿಯುತ್ತ ಬಂದಿರದಿದ್ದರೆ ದೊರೆ ಮೀಸೆ ಬರುವವರೆಗೂ ಹೀಗೇ ಉಣ್ಣುತ್ತಿದ್ದ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸೋಮವಾರ ಬಾರದಿದ್ದರೆ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯ ಯಜಮಾನರು ಫೋನು ಮಾಡಿ ಹೇಳಿಬಿಟ್ಟಿದ್ದರು. ಮಗುವಿನ ಹಿಂದೆ ಓಡಲು ಅಮ್ಮನ ಮೊಣಕಾಲು ಒಪ್ಪುವುದಿಲ್ಲ. ನನ್ನ ಕೋಣೆಯ ತುಂಬ ಸೂಜಿ, ಕತ್ತರಿ. ಉಳಿದದ್ದು ಲ್ಯಾಬಿನ ಹಿಂದಿನ ಬೀದಿಯ ಶಿಶುವಿಹಾರ. ಅಲ್ಲಿಯ ಮೇಡಂ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು: "ನಮ್ಮಲ್ಲಿರೋದು ಒಬ್ಬಳೇ ಆಯಾ. ಚಮಚ ಹಿಡಿದು ತಾನಾಗಿ ತಿನ್ನೋ ಮಗುವಾದ್ರೆ ಕರ್ಕೊಂಡು ಬನ್ನಿ. ಶುಕ್ರವಾರ ಕೂರಿಸಿ ನೋಡ್ತೀವಿ."

ಅಲ್ಲಿಂದ ನಮ್ಮ ಮನೆಯಲ್ಲಿ ವಿದ್ಯಾಭ್ಯಾಸ ಶುರುವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ತಮ್ಮ ಒಂದು ಹೆಜ್ಜೆ ಮುಂದೆ ಹೋಗಿ ಡೊಂಕು ಚಮಚವನ್ನೇ ಕೊಂಡು ತಂದ. ಕತ್ತು ತಿರುಚಿದ ಚಮಚ, ತುದಿಗೆ ರಬ್ಬರು ಹಾಕಿದ ಚಮಚ, ಹಿಡಿಯಲ್ಲಿ ಆನೆ ಕೂತ ಚಮಚ. ದೊರೆ ಆನೆಯನ್ನು ಬಾಯಿಗಿಟ್ಟು ಗಂಜಿಯನ್ನು ನೆಲಕ್ಕೆ ಬಿಟ್ಟ. ಅಮ್ಮ ಕಲಿಸುವ ವಿಧಾನ ಇನ್ನೂ ಚೆನ್ನ. ಅವನ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ತಾನೇ ಉಣಿಸುವಳು. ಒಂದು ಹನಿ ಚೆಲ್ಲಿದರೆ ಚಮಚ ಕಿತ್ತುಕೊಳ್ಳುವಳು.

"ಅವನೇ ಮಾಡ್ಲಿ ಬಿಡಮ್ಮ," ಎಂದೆ.

"ಎಳೇ ಕೈ, ನೋಯುತ್ತೆ. ಒಂದು ಹೆತ್ತಿದ್ರೆ ನಿಂಗೂ ಗೊತ್ತಾಗ್ತಿತ್ತು."

ಮದುವೆಯಾಗದ ಮಗಳಿಗೆ ಈ ಮಾತನ್ನು ಅವಳು ಉಪ್ಪಿನಕಾಯಿಯ ಹಾಗೆ ಬಡಿಸುತ್ತಾಳೆ, ಯಾವ ಊಟಕ್ಕೂ ತಪ್ಪಿಸುವುದಿಲ್ಲ. ನಾನು ಯಂತ್ರ ತುಳಿಯತೊಡಗಿದೆ.

ಆದರೂ ಗುರುವಾರದ ಹೊತ್ತಿಗೆ ದೊರೆ ಚಮಚ ತುಂಬುವುದನ್ನು ಕಲಿತಿದ್ದ. ಚೆಲ್ಲದೆ ತುಂಬುತ್ತಿದ್ದ. ಅಷ್ಟು ಕಂಡದ್ದೇ ತಡ, ಅಮ್ಮ ಬಟ್ಟಲು ಎಳೆದುಕೊಂಡು ಉಳಿದದ್ದನ್ನು ತಾನೇ ತಿನ್ನಿಸಿದಳು. ಚಪ್ಪಾಳೆ ತಟ್ಟುವುದರಲ್ಲಿ ಮುಳುಗಿದ್ದ ತಮ್ಮನಿಗೆ ಅದು ಕಾಣಲೂ ಇಲ್ಲ.

ಶುಕ್ರವಾರ ನಾವು ನಾಲ್ವರೂ ಶಿಶುವಿಹಾರದ ಬಾಗಿಲ ಹೊರಗೆ, ಅದರ ಗಾಜಿಗೆ ಮೂಗು ಒತ್ತಿ ನಿಂತೆವು. ಒಳಗೆ ಮೊಣಕಾಲೆತ್ತರದ ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮಕ್ಕಳು. ಆಯಾ ದೊರೆಯ ಮುಂದೆ ಬಟ್ಟಲಿಟ್ಟು ಪಕ್ಕದಲ್ಲಿ ಕೂತಳು. ದೊರೆ ಚಮಚ ಎತ್ತಿಕೊಂಡು ತುಂಬಿದ. ತಳವನ್ನು ಅಂಚಿಗೆ ಒರೆಸಿದ. ಉಫ್ ಎಂದು ಊದಿದ. ತಮ್ಮ ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದುಕೊಂಡ. ದೊರೆ "ಆ" ಎಂದು ಬಾಯಿ ತೆರೆದ, ಕೈ ಚಾಚಿದ, ಚಮಚವನ್ನು ಆಯಾಳ ಬಾಯೊಳಗೆ ಇಟ್ಟ.

ಅವಳು ಪಾಪ, ನುಂಗಿದಳು. ಅವನು ತನ್ನ ಅಂಗಿಯ ತುದಿಯಿಂದ ಅವಳ ಗಲ್ಲ ಒರೆಸಿ ಇನ್ನೊಂದು ಚಮಚ ತುಂಬಿದ. ಅದು ಪಕ್ಕದಲ್ಲಿ ಅಳುತ್ತಿದ್ದ ಹುಡುಗಿಗೆ ಹೋಯಿತು. ಆಮೇಲಿನದು ಅವಳ ಆಚೆಯವನಿಗೆ. ಪ್ರತಿ ಸಲವೂ ದೊರೆಯ ಬಾಯಿ ಅಗಲವಾಗಿ ತೆರೆಯುತ್ತಿತ್ತು, ಒಂದು ಹನಿಯೂ ಒಳಗೆ ಹೋಗುತ್ತಿರಲಿಲ್ಲ.

ಮೇಡಂ ಹೊರಗೆ ಬಂದರು. "ಆಯಾ ಕೆಲಸಕ್ಕಾದ್ರೆ ಇವತ್ತೇ ಸೇರಿಸ್ಕೋತಿದ್ದೆ," ಎಂದರು. "ಸೋಮವಾರ ಬೆಳಿಗ್ಗೆ ಇನ್ನೊಂದು ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ನನ್ನ ಬೈಬೇಡಿ."

ದಾರಿಯಲ್ಲಿ ತಮ್ಮ, ಅವರ ಚಮಚದ ಹಿಡಿ ಸರಿಯಿಲ್ಲ ಎಂದ. ಇಂಥವನ ಜೊತೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವನ ಹೆಂಡತಿ ದೊರೆಯ ಗಲ್ಲ ಒರೆಸಲು ತಂದಿದ್ದ ಬಟ್ಟೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೆಲಸ ಕಳೆದುಕೊಳ್ಳುವವಳು ಅವಳೊಬ್ಬಳೇ, ನಮಗೇನು ಹೋಗುವುದಿತ್ತು.

ಮನೆಗೆ ಬಂದವಳೇ ಎಲ್ಲರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿದೆ. "ಮಗು ದಡ್ಡ ಅಲ್ಲ, ನಾವು ದಡ್ಡರು," ಎಂದೆ. "ಕಣ್ಣು ಬಿಟ್ಟಾಗಿಂದ ಅವನು ನೋಡಿರೋದು ಒಬ್ಬರ ಕೈಯಿಂದ ಇನ್ನೊಬ್ಬರ ಬಾಯಿಗೆ ಹೋಗೋ ಚಮಚ. ನಾವು ಒಬ್ಬರಾದ್ರೂ ಅವನ ಕಣ್ಮುಂದೆ ಉಂಡಿದೀವಾ? ನಾವು ಕಲಿಸಿದ್ದನ್ನೇ ಚಾಚೂ ತಪ್ಪದೆ ಮಾಡಿ ತೋರಿಸಿದಾನೆ. ಇನ್ಮೇಲೆ ಅವನ ಜೊತೆಗೇ ಎಲ್ಲರ ಊಟ. ಅವನ ಬಟ್ಟಲಿಗೆ ಯಾರೂ ಕೈ ಹಾಕಬಾರದು. ಅವನು ತಿನ್ನಿಸೋಕೆ ಬಂದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಅಮ್ಮ, ನಿಂಗೇ ಹೇಳ್ತಿರೋದು."

"ಕೇಳಿಸ್ತು ಬಿಡೇ," ಎಂದಳು ಅಮ್ಮ.

ಶನಿವಾರ ಏನೂ ಆಗಲಿಲ್ಲ. ದೊರೆ ಚಮಚ ಚಾಚಿ ಚಾಚಿ, ಯಾರೂ ಬಾಯಿ ತೆರೆಯದ್ದು ನೋಡಿ ಬಟ್ಟಲು ದಬ್ಬಿದ. ಹಾಲು ಕುಡಿದು ಮಲಗಿದ. ಅಮ್ಮ ನನ್ನನ್ನು ರಾಕ್ಷಸಿ ಎಂದಳು.

ಭಾನುವಾರ ಮಧ್ಯಾಹ್ನ ಮತ್ತೆ ಐದು ಬಟ್ಟಲು, ಐದು ಚಮಚ. ನಾವು ಅವನನ್ನು ನೋಡದವರ ಹಾಗೆ ಗಂಜಿ ಉಣ್ಣುತ್ತಿದ್ದೆವು. ದೊರೆ ಚಮಚ ತುಂಬಿ ಅಪ್ಪನ ಕಡೆ ಚಾಚಿದ. ತಮ್ಮ ಗೋಡೆ ನೋಡಿದ. ದೊರೆ ತನ್ನ ತಾಯಿಯ ಕಡೆ ತಿರುಗಿದ. ಅವಳು ತುಟಿ ಕಚ್ಚಿಕೊಂಡು ತಲೆ ಬಗ್ಗಿಸಿದಳು. ನನ್ನನ್ನು ಬಿಟ್ಟೇ ಬಿಟ್ಟ, ಬುದ್ಧಿವಂತ. ಕುರ್ಚಿಯಿಂದ ಜಾರಿ ಇಳಿದು, ಚೆಲ್ಲದಂತೆ ಎರಡು ಕೈಯಲ್ಲೂ ಚಮಚ ಹಿಡಿದು ಅಜ್ಜಿಯ ಹತ್ತಿರ ಹೋದ. ಉಫ್ ಎಂದು ಊದಿದ.

"ಆ, ಅಜ್ಜಿ," ಎಂದ. "ಒಂದೇ. ನನ್ ಚಿನ್ನ ಅಲ್ವಾ."

ಅದು ಅವಳದೇ ಮಾತು. ಅಮ್ಮನ ಗದ್ದ ನಡುಗಿತು. ನಾನು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದೆ. ಅವಳು ಬಾಯಿ ತೆರೆಯಲಿಲ್ಲ. ಅವನು ಇನ್ನೊಮ್ಮೆ ಕರೆದ, ಕಾದ. ಚಮಚವನ್ನು ನೋಡಿದ. ಆಮೇಲೆ, ಬೇರೆ ದಾರಿಯಿಲ್ಲದೆ, ತನ್ನ ಬಾಯಿಗೇ ಹಾಕಿಕೊಂಡ.

ತಮ್ಮನ ಹೆಂಡತಿ ಬಿಕ್ಕಿದಳು. ಯಾರೂ ಚಪ್ಪಾಳೆ ತಟ್ಟಬೇಡಿ ಎಂದು ನಾನು ಕೈ ಮಾಡಿದೆ. ಅವನು ಕುರ್ಚಿಗೆ ಮರಳಿ ಅರ್ಧ ಬಟ್ಟಲು ಖಾಲಿ ಮಾಡಿದ, ಮುಖಕ್ಕಷ್ಟು, ಹೊಟ್ಟೆಗಷ್ಟು. ಸೋಮವಾರದ ಚಿಂತೆ ನೀಗಿತ್ತು.

ಅಮ್ಮ ಮಾತ್ರ ಇನ್ನೂ ತುಟಿ ಬಿಗಿದುಕೊಂಡೇ ಕೂತಿದ್ದಳು.

"ಇನ್ನು ಬಾಯಿ ಬಿಡಬಹುದಮ್ಮ. ಮುಗೀತು," ಎಂದೆ.

"ಎಲ್ಲರಿಗೂ ಉಣಿಸಿದೆ," ಎಂದಳು ಅವಳು. "ನಿಮ್ಮಪ್ಪ ಹಾಸಿಗೆ ಹಿಡಿದಾಗ ಅವರಿಗೂ. ನನ್ನ ಬಾಯಿಗೆ ಅಂತ ಒಬ್ಬರು ತುತ್ತು ಹಿಡಿದದ್ದು ಇವತ್ತೇ ಮೊದಲು. ಅದನ್ನೂ ಬೇಡ ಅನ್ನಿಸಿದೆ ನೀನು."

ಯಾರು ಏನಂದರೂ ಎರಡು ತಿರುಗಿಸಿ ಕೊಡುವವಳು ನಾನು. ಅವತ್ತು ನನ್ನ ಬಟ್ಟಲಿಂದ ಒಂದು ಚಮಚ ತುಂಬಿ ಅವಳ ಬಾಯಿಯ ಹತ್ತಿರ ಹಿಡಿದೆ. ನನ್ನ ಬಾಯಿ ತೆರೆದಿತ್ತೆಂದು ಕಾಣುತ್ತದೆ.

"ತೆಗಿ ಆಚೆ," ಎಂದಳು ಅಮ್ಮ. "ನಂಗೆ ಬೇಕಾಗಿದ್ದದ್ದು ಅವನದು."

ಎತ್ತಿದ ಚಮಚವನ್ನು ನನ್ನ ಬಾಯಿಗೇ ಹಾಕಿಕೊಂಡೆ. ಗಂಜಿ ಆರಿಹೋಗಿತ್ತು.