ಆದ್ಯಂತ ಜೊತೆಗಿದ್ದೆ

ಸಾವಯವ ಎಂಬ ಚೀಟಿ ಅಂಟಿಸಿಕೊಂಡ ಬೇಳೆಯ ಪೊಟ್ಟಣ ಅಂಗಡಿಗೆ ಬರುವ ಮೊದಲು ಅದು ಬೆಳೆದ ಹೊಲವನ್ನು ಒಬ್ಬ ತಪಾಸಕ ನಡೆದು ನೋಡಿರಬೇಕು. ಆ ತಪಾಸಕನನ್ನು ಕಳಿಸಿದ ಸಂಸ್ಥೆ ನೆಟ್ಟಗಿದೆಯೇ ಎಂದು ನೋಡಿ ಮಾನ್ಯತೆ ಕೊಡಲು ಸರ್ಕಾರ ಇನ್ನೊಬ್ಬರನ್ನು ಕಳಿಸುತ್ತದೆ. ಈ ಇನ್ನೊಬ್ಬರನ್ನು ನೋಡುವವರು ಯಾರು ಎಂದು ಮಾತ್ರ ಕೇಳಬೇಡಿ. ಅಷ್ಟು ಹೊತ್ತಿಗೆ ಕಾಯಿದೆಗೂ ಸುಸ್ತಾಗಿರುತ್ತದೆ.

ಪರಿಶೀಲಕಿ ಅಂಥ ಇನ್ನೊಬ್ಬರು. ಸಂಸ್ಥೆಗಳಲ್ಲಿ ಅವಳಿಗೆ ‘ಕೆಂಪು ಪೆನ್ನು’ ಎಂದೇ ಅಡ್ಡಹೆಸರು. ಅವಳು ಬರುತ್ತಾಳೆಂದರೆ ಮ್ಯಾನೇಜರುಗಳ ಎದೆ ಡವಗುಟ್ಟುತ್ತಿತ್ತು. ಇವತ್ತು ಡವಗುಟ್ಟುತ್ತಿದ್ದದ್ದು ಅವಳದೇ ಎದೆ. ಮಾನ್ಯತೆಯ ನವೀಕರಣಕ್ಕೆ ಕಾದಿದ್ದ ಈ ಸಂಸ್ಥೆಗೆ ತನ್ನನ್ನು ಕಳಿಸಬೇಡಿ ಎಂದು ಮೇಲಿನವರಿಗೆ ಎರಡು ಸಲ ಹೇಳಿ ನೋಡಿದ್ದಳು. ಯಾಕೆ ಎಂದು ಕೇಳಿದಾಗ ಫೈಲು ಎತ್ತಿಕೊಂಡು ಹೊರಬಂದಳು.

ನಿಯಮದ ಪ್ರಕಾರ ಸಂಸ್ಥೆಯ ಒಬ್ಬ ತಪಾಸಕರ ಕೆಲಸವನ್ನು ಪರಿಶೀಲಕಿ ಕಣ್ಣಾರೆ ನೋಡಬೇಕು. ಅವರ ಒಂದು ಹೆಜ್ಜೆ ಹಿಂದೆ ನಾಲ್ಕೂ ಬದು ಸುತ್ತಬೇಕು, ತುಟಿ ಪಿಟಕ್ಕೆನ್ನಬಾರದು. ನಾಲ್ಕು ವರ್ಷದ ಹಿಂದೆ ಇಲ್ಲಿಯ ಹಿರಿಯ ತಪಾಸಕರೊಂದಿಗೆ ಹೋದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. “ನೀವು ಹೋಗ್ಬನ್ನಿ, ನಿಮ್ಮ ಕೆಲಸ ನನಗೆ ಗೊತ್ತಿಲ್ವಾ?” ಎಂದು ಅವಳು ಕಾರಿನಲ್ಲೇ ಉಳಿದಳು. ಎಸಿಯ ತಣ್ಣನೆಯ ಗಾಳಿಯಲ್ಲಿ ಕೂತು ವರದಿಯನ್ನೂ ಬರೆದು ಮುಗಿಸಿದಳು: ಹನ್ನೊಂದರಿಂದ ಒಂದರವರೆಗೆ ತಪಾಸಕರ ಜೊತೆ ಆದ್ಯಂತ ಇದ್ದೆ, ಕೆಲಸ ತೃಪ್ತಿಕರ.

ಗಂಟೆ ಒಂದಾದರೂ ಅವರು ಬರಲಿಲ್ಲ. ಹುಡುಕಿಕೊಂಡು ಹೋದಳು. ಪಕ್ಕದ ಹೊಲದ ಔಷಧಿ ಗಾಳಿಗೆ ಹಾರಿ ಬಾರದಿರಲೆಂದು ಬೆಳೆಸಿದ ಗಿಡದ ಬೇಲಿಯ ಬುಡದಲ್ಲಿ ಬೋರಲು ಬಿದ್ದಿದ್ದರು. ಉಸಿರು ನಿಂತು ಎಷ್ಟೋ ಹೊತ್ತಾಗಿತ್ತು. ಬಂದವರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: ನನ್ನ ಕಣ್ಣೆದುರೇ ಕುಸಿದರು, ಕ್ಷಣದಲ್ಲಿ ಹೋಗಿಬಿಟ್ಟರು.

ಅಂದಿನಿಂದ ಅವಳು ಒಬ್ಬಳೇ ನಡೆದದ್ದೇ ಇಲ್ಲ. ಆಫೀಸಿನ ಮೆಟ್ಟಿಲಲ್ಲಿ, ತರಕಾರಿ ಅಂಗಡಿಯ ಮುಂದೆ, ಒಂದು ಹೆಜ್ಜೆ ಹಿಂದೆ ಯಾರೋ ಬರುತ್ತಾರೆ. ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ. ತಿರುಗಿದರೆ ಯಾರೂ ಇಲ್ಲ, ಮಣ್ಣಿನ ವಾಸನೆ ಅಷ್ಟೆ. ಗಂಡನಿಗೆ ಹೇಳಿದರೆ, “ಬಿಪಿ ನೋಡಿಸ್ಕೋ” ಎಂದ. ನೋಡಿಸಿಕೊಂಡಳು. ಬಿಪಿ ಸರಿಯಾಗಿಯೇ ಇತ್ತು.

“ಇವತ್ತು ನೀವು ನೋಡ್ಬೇಕಾದ ತಪಾಸಕಿ ಇವಳೇ ಮೇಡಂ,” ಎಂದ ಮ್ಯಾನೇಜರ್. “ನಮ್ಮ ಹಿರಿಯರ ಮಗಳು. ಇವಳು ಗೆದ್ರೆ ನಮ್ಮ ಮಾನ್ಯತೆ ಉಳೀತು.”

ಅಪ್ಪನದೇ ಅಗಲ ಹಣೆ. “ಅಪ್ಪ ಹೋದ ಹೊಲಾನೇ ಬೇಕು ಅಂತ ನಾನೇ ಕೇಳಿ ಹಾಕಿಸ್ಕೊಂಡೆ,” ಎಂದಳು ಹುಡುಗಿ.

ಈ ಸಲ ಪರಿಶೀಲಕಿ ಕಾರಿನಿಂದ ಇಳಿದಳು. ಹುಡುಗಿ ಬಿತ್ತನೆ ಬೀಜದ ರಸೀದಿ ಕೇಳಿದಳು, ಉಗ್ರಾಣದ ಮೂಲೆಯಲ್ಲಿದ್ದ ಸಿಂಪಡಿಸುವ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು, ಬದುವಿನ ಹುಲ್ಲು ಕೈಯಿಂದ ಸರಿಸಿ ನೋಡಿದಳು. ಕಂಡದ್ದನ್ನು ಮಾತ್ರ ಬರೆದುಕೊಂಡಳು. ಅಪ್ಪಟ ಕೆಲಸ. ಎರಡು ಬದು ಮುಗಿದು ಬೇಲಿ ಬಂತು. ಹುಡುಗಿ ನಿಂತಳು.

“ಇಲ್ಲೇನಾ ಮೇಡಂ?”

ಪರಿಶೀಲಕಿ ಹೌದೆಂದು ತಲೆಯಾಡಿಸಿದಳು.

“ಅಮ್ಮ ನಿಮ್ಮ ವರದಿಯ ನಕಲು ದಿಂಬಿನ ಕೆಳಗೆ ಇಟ್ಕೊಂಡಿದಾಳೆ. ಅಪ್ಪ ಒಬ್ಬರೇ ಹೋಗ್ಲಿಲ್ಲವಲ್ಲ, ಆ ಸಮಾಧಾನದಲ್ಲೇ ಅವಳಿಗೆ ನಿದ್ದೆ. ಕೊನೇಗೆ ಏನಂದ್ರು ಅಂತ ಕೇಳ್ಕೊಂಡು ಬಾ ಅಂದಿದಾಳೆ.”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾಲ್ಕು ವರ್ಷ ಅದನ್ನು ಹೊತ್ತು ಪರಿಶೀಲಕಿಯ ಜೀವ ಹಣ್ಣಾಗಿತ್ತು. ಇಲ್ಲಿ, ಈ ಹುಡುಗಿಯ ಮುಂದೆ ಇಳಿಸದಿದ್ದರೆ ಇನ್ನೆಲ್ಲಿಯೂ ಇಳಿಸಲಾರೆ ಎನ್ನಿಸಿತು.

“ನಾನಿರ್ಲಿಲ್ಲಮ್ಮ. ಕಾರಲ್ಲಿ ಕೂತಿದ್ದೆ.”

ಹುಡುಗಿ ಅಳಲಿಲ್ಲ. ತಪಾಸಣೆಯ ದನಿಯಲ್ಲೇ ಕೇಳಿದಳು: “ಕಾರಿಂದ ಇಲ್ಲಿಗೆ ಎಷ್ಟು ನಿಮಿಷ?”

“ಐದು.”

“ಕೂಗಿದ್ರೆ ಕೇಳ್ತಿತ್ತಾ?”

“ಕಿಟಕಿ ಹಾಕಿತ್ತು.”

ಹುಡುಗಿಯ ಫೋನು ರಿಂಗಾಯಿತು. ಅಮ್ಮ. ಹುಡುಗಿ ಪರಿಶೀಲಕಿಯ ಮುಖದಿಂದ ಕಣ್ಣು ಕೀಳದೆ ಮಾತಾಡಿದಳು.

“ಹೂಂ ಅಮ್ಮ, ಕೇಳಿದೆ. ಮೇಡಂ ಪಕ್ಕದಲ್ಲೇ ಇದ್ರು. ಅಪ್ಪನ ತಲೆ ಅವರ ತೊಡೆ ಮೇಲಿತ್ತಂತೆ. ನೋವೇನೂ ಆಗ್ಲಿಲ್ಲವಂತೆ. ನಿನ್ನ ಹೆಸರು ಹಿಡಿದು ಕರೆದ್ರಂತೆ.”

ಆ ಕಡೆಯ ಬಿಕ್ಕು ಹೊಲಕ್ಕೆಲ್ಲ ಕೇಳಿತು. “ನನ್ನ ಹೆಸರಾ? ಮದುವೆಯಾದಾಗಿಂದ ಒಂದಿನಾನೂ ಕರೀಲಿಲ್ಲ ಆ ಮನುಷ್ಯ,” ಎಂದು ಅಮ್ಮ ಅಳುತ್ತಲೇ ನಕ್ಕಳು.

ಫೋನು ಇಟ್ಟ ಮೇಲೆ ಹುಡುಗಿ ಬಗ್ಗಿ ಬೇಲಿಯ ಬುಡದ ಮಣ್ಣು ಮುಟ್ಟಿದಳು.

“ನಾನು ಎಲ್ಲಾನೂ ಬರೆದು ಕೊಡ್ತೀನಮ್ಮ,” ಎಂದಳು ಪರಿಶೀಲಕಿ. “ಇವತ್ತೇ. ನನ್ನ ಕೆಲಸ ಹೋದ್ರೂ ಹೋಗ್ಲಿ.”

“ಬರೆದ್ರೆ ಅಮ್ಮನಿಗೆ ತಿಳಿಯುತ್ತೆ.” ಹುಡುಗಿ ಕಣ್ಣೊರೆಸಿಕೊಂಡು ಮುಂದಿನ ಬದುವಿನ ಕಡೆ ತಿರುಗಿದಳು. “ಅವಳು ಇರೋವರೆಗೆ ನೀವು ಬರೆಯೋ ಹಾಗಿಲ್ಲ, ಮೇಡಂ.”