ಕರಿಬಸಯ್ಯ ಕೊಟ್ಟ ಸಲಹೆ

ಲಿಂಗಸುಗೂರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಕರಿಬಸಯ್ಯನಿಗೆ ತೊಂಬತ್ತೊಂದನೇ ಇಸವಿಯಲ್ಲಿ ಸಿಂಧನೂರಿನ ವಾಣಿಜ್ಯ ಸಂಘ ಒಂದು ಕೆಲಸ ಒಪ್ಪಿಸಿತು. ಹೊಸದೇನಾದರೂ ಮಾಡಿ ಮಾರಲು ಹೊರಟ ಸಣ್ಣ ಕಸುಬಿನವರಿಗೆ ಅನುಭವಸ್ಥ ವ್ಯಾಪಾರಿಯೊಬ್ಬ ಜೊತೆ ನಿಂತು ದಾರಿ ಹೇಳಬೇಕು ಎಂಬುದು ಸಂಘದ ಯೋಜನೆ. ಅವನ ಪಾಲಿಗೆ ಬಂದವಳು ಮಸ್ಕಿಯ ಯಮನಮ್ಮ.

ಯಮನಮ್ಮ ಹೊಲದ ಕೂಲಿಗೆ ಹೋಗುತ್ತಿದ್ದವಳು. ಕೂತು ಕಳೆ ತೆಗೆದು ತೆಗೆದು ಸೊಂಟ ಹಿಡಿದಾಗ, ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುವ ಗಂಡ ಅಂಬಪ್ಪನಿಗೆ ಹೇಳಿ ಕುರ್ಪಿಗೆ ಉದ್ದನೆಯ ಹಿಡಿಕೆ ಹಾಕಿಸಿಕೊಂಡಿದ್ದಳು. ನಿಂತೇ ಕಳೆ ತೆಗೆಯಬಹುದಿತ್ತು. ಅಂಥದ್ದನ್ನೇ ಮಾಡಿ ಮಾರಲು ಈಗ ಹೊರಟಿದ್ದಳು. ಕರಿಬಸಯ್ಯ ಹಿಡಿಕೆಗೆ ಹಗುರ ಪೈಪು ಹುಡುಕಿಕೊಟ್ಟ. ದರ ಹೇಗೆ ಕಟ್ಟಬೇಕು, ಉದ್ರಿ ಕೇಳಿದವರಿಗೆ ಹೇಗೆ ಇಲ್ಲ ಅನ್ನಬೇಕು ಎಂದು ಕಲಿಸಿದ. ವಾರಕ್ಕೊಮ್ಮೆ ಮಸ್ಕಿಯ ಬಸ್ಸು ಹತ್ತುವುದೆಂದರೆ ಅವನಿಗೆ ಹುರುಪು.

ಮುಂದಿನ ವರ್ಷ ಸಂತೆಕಲ್ಲೂರಿನ ರೈತನೊಬ್ಬ ಅವನ ಅಂಗಡಿಗೇ ಬಂದ.

"ಯಮನಮ್ಮನ ಕುರ್ಪಿ ಅದಾವೇನ್ರಿ?"

"ಅದಾವ. ಅವನ್ನ ನಾನ ನಿಂತು ಮಾಡಿಸೀನಿ," ಅಂದ ಕರಿಬಸಯ್ಯ.

"ಹೌದೇನ್ರಿ? ನೀವು ಆಕಿ ಕಡೆ ಕೆಲಸಕ್ಕದೀರೇನು?"

ರೈತ ಮುಗ್ಧವಾಗಿಯೇ ಕೇಳಿದ್ದ. ಆದರೆ ಆ ಮಾತು ಕರಿಬಸಯ್ಯನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತು. ಇಷ್ಟು ವರ್ಷ ಅಂಗಡಿಯ ಗಲ್ಲಾದ ಮುಂದೆ ಕೂತರೂ ಅವನ ಹೆಸರು ಹಿಡಿದು ಯಾರೂ ಒಂದು ಮೊಳೆಯನ್ನೂ ಕೇಳಿರಲಿಲ್ಲ. ಬೇರೆಯವರು ಮಾಡಿದ್ದನ್ನು ತಂದು ಮಾರಿದ್ದಷ್ಟೇ. ಹೊಸದೊಂದು ತನಗೆ ಎಂದೂ ಹೊಳೆದಿರಲಿಲ್ಲ ಎಂಬುದು ಅವನಿಗೆ ಅಂದೇ ತಿಳಿದದ್ದು. ಆಮೇಲೆ ಅವಳ ನಗು, ಅವಳ ಹೊಸ ಸೀರೆ, ಅಂಬಪ್ಪ ವೆಲ್ಡಿಂಗ್ ಅಂಗಡಿಯ ಕೂಲಿ ಬಿಟ್ಟದ್ದು ಎಲ್ಲವೂ ಅವನನ್ನು ಚುಚ್ಚತೊಡಗಿದವು. ಮಸ್ಕಿಗೆ ಹೋಗದಿರಲು ನೆಪ ಹುಡುಕತೊಡಗಿದ.

ಕೊನೆಗೆ ಯಮನಮ್ಮನೇ ಅಂಗಡಿಗೆ ಬಂದಳು.

"ಅಯ್ನೋರ, ಸಿಂಧನೂರಿನ ಗೊಬ್ಬರದ ಅಂಗಡಿ ಖಾದರಬಾಷಾ ಬಂದಿದ್ದರು. ತುರ್ವಿಹಾಳ, ಬಳಗಾನೂರು ಕಡೆ ಭತ್ತದ ಗದ್ದಿಗೆ ನಮ್ಮ ಕುರ್ಪಿ ಬೇಕಂತ. ನೀವು ಹೂಂ ಅಂದ್ರ ಒಪ್ಕೊಂತೀನ್ರಿ."

"ಬ್ಯಾಡ," ಅಂದ ಕರಿಬಸಯ್ಯ ತಟ್ಟನೆ. ಕಾರಣ ಆಮೇಲೆ ಹುಡುಕಿದ. "ಒಣ ಹೊಲದ ಕುರ್ಪಿ ಅದು. ಕೆಸರಿನ್ಯಾಗ ನಡೆಯಂಗಿಲ್ಲ. ಇದ್ದ ಹೆಸರೂ ಕೆಡಿಸ್ಕೊಂತಿ."

ಅವನು ಗದ್ದೆಗೆ ಇಳಿದವನೇ ಅಲ್ಲ. ಅವಳು ಮಾತ್ರ "ಆತ್ರಿ" ಎಂದು ತಲೆಯಾಡಿಸಿ ಹೋದಳು. ಅಂದು ಅವನು ಮುರಿದ ರೊಟ್ಟಿಯನ್ನು ತಿನ್ನದೆ ಹಾಗೇ ಬಿಟ್ಟು ಎದ್ದ.

ಯಮನಮ್ಮ ಸುಮ್ಮನಿರಲಿಲ್ಲ. ಅಯ್ಯನೋರು ಹೇಳಿದ್ದಾರೆಂದರೆ ನೋಡಿಯೇ ಬಿಡೋಣವೆಂದು ತುರ್ವಿಹಾಳದ ಗದ್ದೆಗೆ ಕುರ್ಪಿ ಹಿಡಿದು ಕೂಲಿಗೆ ಹೋದಳು. ಕೆಸರು ಅಲಗಿಗೆ ಮೆತ್ತಿಕೊಂಡು ಕುರ್ಪಿ ಎತ್ತಲಾಗದಷ್ಟು ಭಾರವಾಯಿತು. ಗಂಡ ಹೆಂಡತಿ ಕೂತು ಅಗಲದ ಅಲಗಿನ ಬದಲು ಬಾಚಣಿಕೆಯಂಥ ಹಲ್ಲು ಹಾಕಿದರು. ಕೆಸರು ಸಂದಿಯಿಂದ ಜಾರಿತು. ಖಾದರಬಾಷಾ ಅದನ್ನೇ ಒಯ್ದು ಮಾರಿದ.

ಸಂಘದ ವಾರ್ಷಿಕ ಸಭೆಯಲ್ಲಿ ಯಮನಮ್ಮನಿಗೆ ಹಾರ ಹಾಕಿದರು. ಕರಿಬಸಯ್ಯ ಹಿಂದಿನ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದ.

"ಅಯ್ನೋರು ಬ್ಯಾಡ ಅಂದಿದ್ದಕ್ಕ ನಾ ಉಳದೀನ್ರಿ," ಎಂದಳು ಅವಳು ಮೈಕಿನಲ್ಲಿ. "ಹಳೇ ಕುರ್ಪಿನ ಕೊಟ್ಟಿದ್ರ ಮಂದಿ ಬೈತಿದ್ದರು."

ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ಅವನು ಎದ್ದು ಕೈ ಮುಗಿದ.

ಮನೆಗೆ ಬಂದವನೇ ಹೆಂಡತಿ ಅಮರಮ್ಮನ ಮುಂದೆ ಕೂತ. "ಆಕಿ ಒಳ್ಳೇದಕ್ಕಂತ ನಾ ಬ್ಯಾಡ ಅಂದಿದ್ದಿಲ್ಲ."

"ಗೊತ್ತೈತಿ," ಅಂದಳು ಅಮರಮ್ಮ. "ಆಕಿ ಹೆಸರು ತಗದ್ರ ನಿಮ್ಮ ಮುಖ ಹೆಂಗಾಗತೈತಿ ಅಂತ ನಾ ನೋಡೀನಿ. ಆಕಿಗೆ ಹೇಳ್ತೀರೇನು?"

ಅವನು ಯಮನಮ್ಮನಿಗೆ ಹೇಳಲಿಲ್ಲ.

ತಿಂಗಳಾದ ಮೇಲೆ ಯಮನಮ್ಮ ಮತ್ತೆ ಬಂದಳು. ಕುರ್ಪಿ ಮಾಡಲು ಸಿಂಧನೂರಿನಲ್ಲೇ ಒಂದು ಶೆಡ್ಡು ಬಾಡಿಗೆಗೆ ಹಿಡಿಯಲೇ ಎಂದು ಕೇಳಿದಳು. ಅದೇ ಕೆಂಡ ಒಳಗೆ ಮತ್ತೆ ಉರಿಯಿತು. "ಬ್ಯಾಡ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನಾಳೆ ಹೇಳ್ತೀನವ್ವ," ಅಂದ ಕರಿಬಸಯ್ಯ. "ಇವತ್ತು ನನ್ನ ಕೇಳಬ್ಯಾಡ."

ಮರುದಿನ ಬೆಳಗ್ಗೆ ಅವನು ಸಿಂಧನೂರಿನ ಬಸ್ಸು ಹತ್ತಿ ಆ ಶೆಡ್ಡನ್ನು ತಾನೇ ನೋಡಲು ಹೋದ.