ನೀಲಗಂಗಮ್ಮ ಆರಿಸಿದ ಹಾಸಿಗೆ

ನಾನು ಬೆಟ್ಟ ಹತ್ತುವವರು ಬೆನ್ನಿಗೆ ಕಟ್ಟಿಕೊಂಡು ಹೋಗುವ ಸುರುಳಿ ಹಾಸಿಗೆ. ಹುಟ್ಟಿದ್ದು ಒಂದು ಫೋಮ್ ಕಾರ್ಖಾನೆಯಲ್ಲಿ. ಬಿಸಿಗೆ ಉಬ್ಬಿದ ದೊಡ್ಡ ದಿಮ್ಮಿಯನ್ನು ಅಲ್ಲಿ ಹಾಳೆ ಹಾಳೆಯಾಗಿ ಸೀಳುತ್ತಿದ್ದರು. ನನಗಿಂತ ಮೊದಲು ಸೀಳಿಸಿಕೊಂಡವನು ನನ್ನ ಅಣ್ಣ. ಅವನು ದಪ್ಪ, ನಾನು ತೆಳ್ಳಗೆ. ನನ್ನನ್ನು ಎತ್ತಿದವರೆಲ್ಲ ಏನೂ ಭಾರವೇ ಇಲ್ಲವಲ್ಲ ಎಂದು ಬೆರಗಾಗುತ್ತಿದ್ದರು. ಕೇಳಿ ಕೇಳಿ ನನಗೂ ಸ್ವಲ್ಪ ಜಂಬ ಬಂದಿತ್ತು.

ನಮ್ಮಿಬ್ಬರನ್ನೂ ಕಲಬುರಗಿಯ ಒಂದು ಬ್ಯಾಗಿನ ಅಂಗಡಿಗೆ ತಂದು ಹಾಕಿದರು. ಶಾಲೆಯ ಚೀಲ, ರೇನ್‌ಕೋಟುಗಳ ನಡುವೆ ಧೂಳು ತಿನ್ನುತ್ತ ಕೂತಿದ್ದೆವು. ಹಾಗಿರುವಾಗ ಸುಡುಸುಡು ಬೇಸಿಗೆಯ ಒಂದು ಮಧ್ಯಾಹ್ನ ಸಿದ್ಧರಾಮಪ್ಪ ಮಾಸ್ತರರು ಹೆಂಡತಿ ನೀಲಗಂಗಮ್ಮನವರ ಜೊತೆ ಬಂದರು. ಚಿತ್ರಕಲೆಯ ಮಾಸ್ತರರು, ಆಗಷ್ಟೇ ನಿವೃತ್ತರಾಗಿದ್ದವರು. ಗೆಳೆಯರ ಜೊತೆ ಹಿಮಾಲಯದಲ್ಲಿ ನಡೆದು ಬರುವ ಆಸೆ ಅವರದು. ಬರಿಗೈಯಲ್ಲಿ ನಡೆದರೂ ಏದುಸಿರು ಬಿಡುವ ಗಂಡ ಬೆನ್ನ ಮೇಲೆ ಹೊರೆ ಹೊತ್ತು ನಡೆಯಬೇಕಲ್ಲ ಎಂಬ ಚಿಂತೆ ನೀಲಗಂಗಮ್ಮನವರದು.

ಅಂಗಡಿಯವನು ನಮ್ಮಿಬ್ಬರನ್ನೂ ಶಹಾಬಾದಿ ಫರ್ಸಿಕಲ್ಲಿನ ನೆಲದ ಮೇಲೆ ಹಾಸಿದ. ನೀಲಗಂಗಮ್ಮನವರಿಗೆ ನಾಚಿಕೆ ಗೀಚಿಕೆ ಇಲ್ಲ. ಸೆರಗು ಬಿಗಿದುಕೊಂಡು ತಾವೇ ಅಣ್ಣನ ಮೇಲೆ ಮಲಗಿ ನೋಡಿ, ದಡಬಡಿಸಿ ಎದ್ದರು.

“ಅಯ್ಯ ಶಿವನೇ, ಇದು ಕುದಿಲತ್ತದ! ಹಂಚಿನ ಮ್ಯಾಲ ಮಕ್ಕೊಂಡಂಗ ಆಗ್ತದ.”

ಆಮೇಲೆ ನನ್ನ ಮೇಲೆ ಮಲಗಿದರು. ಅವರ ಮುಖ ಅರಳಿತು.

“ಇದು ನೋಡ್ರಿ, ನೆಲದ ತಂಪು ಬೆನ್ನಿಗಿ ಹತ್ತಲತ್ತದ. ನಿಮ್ಮ ಮೈ ಮೊದಲೇ ಉಷ್ಣ. ಹಗುರನೂ ಅದ, ಅಗ್ಗನೂ ಅದ. ಇದೇ ಇರಲಿ.”

ಆ ಊರಿನಲ್ಲಿ ಬೇಸಿಗೆ ಬಂತೆಂದರೆ ಹಾಸಿಗೆ ಸುತ್ತಿಟ್ಟು ಬರಿ ಫರ್ಸಿಯ ಮೇಲೆ ಮಲಗುತ್ತಾರೆ. ನೆಲದ ತಂಪು ಮೇಲಕ್ಕೆ ಬಿಡುವ ಹಾಸಿಗೆಗಿಂತ ಒಳ್ಳೆಯ ಹಾಸಿಗೆ ಅಲ್ಲಿ ಯಾರ ಕಲ್ಪನೆಗೂ ಬರುವುದಿಲ್ಲ. ಹಿಮ ಹೇಗಿರುತ್ತದೆಂದು ಅಂಗಡಿಯವನೂ ಕಂಡವನಲ್ಲ, ಗೋಣು ಹಾಕಿದ. ಅಣ್ಣನನ್ನು ಸುತ್ತಿ ಮೂಲೆಗೆ ಸರಿಸಿದರು. ಗೆದ್ದೆ ಎಂದುಕೊಂಡು ನಾನು ಮಾಸ್ತರರ ಹೆಗಲೇರಿದೆ.

ಮೇಲೆ ಬೆಟ್ಟದಲ್ಲಿ, ಹಿಮದ ಅಂಚಿನ ಡೇರೆಯಲ್ಲಿ ನನ್ನ ಜಂಬವೆಲ್ಲ ಇಳಿಯಿತು. ನೆಲದ ಥಂಡಿ ನನ್ನನ್ನು ದಾಟಿ ಸೀದಾ ಮಾಸ್ತರರ ಬೆನ್ನಿಗೆ ಹೋಗಿ ಕೂತಿತು. ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಅವರು ಮಗ್ಗುಲು ಬದಲಿಸಿದರು, ಮೊಣಕಾಲನ್ನು ಎದೆಗೆ ತಂದುಕೊಂಡರು, ರೇನ್‌ಕೋಟು ಬಿಚ್ಚಿ ಕೆಳಗೆ ಹಾಸಿಕೊಂಡರು. ಪಕ್ಕದಲ್ಲಿದ್ದ ಗೆಳೆಯ ರುಕ್ಮೋದ್ದೀನರ ಹಾಸಿಗೆ ನನ್ನ ಅಣ್ಣನಂತೆಯೇ ದಪ್ಪ.

“ಮಾಸ್ತರ್, ಈ ಕಡಿ ಬರ್ರಿ. ಇಬ್ಬರೂ ಇದರ ಮ್ಯಾಲೇ ಮಕ್ಕೊಳ್ಳೋಣು.”

“ಬ್ಯಾಡಪ. ನಮ್ಮಾಕಿ ತಾನೇ ಮಕ್ಕೊಂಡು ನೋಡಿ ಆರಿಸ್ಯಾಳ. ಭೇಷ್ ಅದ.”

ಹಾಗೆನ್ನುವಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಕೆಮ್ಮು ಶುರುವಾದದ್ದು ಅಲ್ಲಿಯೇ.

ಊರಿಗೆ ಬಂದು ಚೀಲ ಇಳಿಸುವ ಮೊದಲೇ ನೀಲಗಂಗಮ್ಮ ಕೇಳಿದ್ದು ನನ್ನ ವಿಚಾರ. “ಹಾಸಿಗಿ ಹ್ಯಾಂಗಿತ್ತು?”

“ಏನ್ ಕೇಳ್ತಿ, ಸೊಗಸಾಗಿ ನಿದ್ದಿ ಬಂತು!”

ಜೊತೆಗೆ ಬಂದಿದ್ದ ರುಕ್ಮೋದ್ದೀನರು ಏನೋ ಹೇಳಲು ಬಾಯಿ ತೆರೆದರು. ಮಾಸ್ತರರು ಕಣ್ಣಲ್ಲೇ ಗದರಿಸಿದರು. ಆಮೇಲೆ ಹೊರಗೆ ಕಟ್ಟೆಯ ಮೇಲೆ ಮೆಲ್ಲಗೆ ಹೇಳಿದರು, “ಆಕಿ ಮುಂದ ಹಾಸಿಗಿ ಮಾತು ಎತ್ತಬ್ಯಾಡ. ಎದಿ ಒಡಕೋತಾಳ.”

ಕೆಮ್ಮು ಎದೆಗೆ ಇಳಿಯಿತು. ಆಸ್ಪತ್ರೆಗೆ ಹೋದರು, ಬಂದರು, ಮತ್ತೆ ಹೋದರು. ದೀಪಾವಳಿಯ ಹೊತ್ತಿಗೆ ಮಾಸ್ತರರು ಇರಲಿಲ್ಲ. ನೀಲಗಂಗಮ್ಮ ಗೋಡೆಯ ಫೋಟೋ ಜೊತೆ ಜಗಳ ಆಡುತ್ತಿದ್ದರು: “ಬೆಟ್ಟದಾಗ ಹಳ್ಳದ ನೀರಾಗ ಜಳಕ ಮಾಡಬ್ಯಾಡ್ರಿ ಅಂದಿದ್ದೆ. ನನ್ನ ಮಾತು ಎಂದ ಕೇಳೀರಿ?” ಹಳ್ಳದಲ್ಲಿ ಅವರು ಕಾಲು ಕೂಡ ಅದ್ದಿರಲಿಲ್ಲ. ಕಪಾಟಿನ ಮೇಲೆ ಸುತ್ತಿಕೊಂಡು ಬಿದ್ದಿದ್ದ ನನಗೆ ಅದನ್ನು ಕೇಳಿ ಸಂಕಟವಾಗುತ್ತಿತ್ತು. ರುಕ್ಮೋದ್ದೀನರು ಮನೆಗೆ ಬರುವುದನ್ನೇ ಬಿಟ್ಟರು. ಬಂದರೆ ಎಲ್ಲಿ ಬಾಯಿ ಜಾರುತ್ತದೋ ಎಂಬ ಭಯ ಅವರಿಗೆ.

ಈ ಚಳಿಗಾಲದಲ್ಲಿ ಮಾಸ್ತರರ ತಂಗಿಯ ಮಗಳು ವೈಜಯಂತಿ ಬಂದಳು. ಕಾಲೇಜಿನ ಗೆಳತಿಯರ ಜೊತೆ ಅದೇ ಹಿಮದ ಬೆಟ್ಟಕ್ಕೆ ಹೊರಟವಳು. ಹಗುರವೂ ಆಗಿರಬೇಕು, ಕೈಗೂ ಎಟುಕಬೇಕು, ಅಂಥ ಹಾಸಿಗೆ ಎಲ್ಲಿ ಸಿಕ್ಕೀತೆಂದು ಮೊಬೈಲು ತಿಕ್ಕುತ್ತ ಕೂತಿದ್ದಳು. ನೀಲಗಂಗಮ್ಮ ಸ್ಟೂಲು ಹತ್ತಿ ನನ್ನನ್ನು ಇಳಿಸಿದರು. ಒದ್ದೆ ಬಟ್ಟೆಯಿಂದ ಒರೆಸುವಾಗ ಅವರ ಕೈ ನನ್ನ ಮೇಲೆ ಬಹಳ ಹೊತ್ತು ಆಡಿತು.

“ಹೊಸಾದು ಯಾಕವ್ವ? ಇದು ಒಯ್ಯಿ. ನಿಮ್ಮ ಮಾಮಾ ಇದರ ಮ್ಯಾಲೇ ಮಕ್ಕೊಂಡು ಬಂದಾರ.”

ಹುಡುಗಿ ನನ್ನನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದಳು. “ಭಾಳ ತೆಳ್ಳಗ ಅದ ಅಲ್ಲ ಅತ್ತಿ? ಥಂಡಿ ಹತ್ತೂದಿಲ್ಲ?”

ಹಿಚುಕು, ಇನ್ನೊಮ್ಮೆ ಹಿಚುಕು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಸೊಗಸಾಗಿ ನಿದ್ದಿ ಬಂತು ಅಂತ ಅವರೇ ಬಾಯಿಬಿಟ್ಟು ಹೇಳ್ಯಾರ. ಸುಳ್ಳು ಹೇಳೋ ಮನಷ್ಯಾ ಏನು ಅವರು?” ಎಂದು ನೀಲಗಂಗಮ್ಮ ಕಣ್ಣೊರೆಸಿಕೊಂಡರು. ಅದನ್ನು ಕಂಡ ಹುಡುಗಿ ನನ್ನನ್ನು ಸುತ್ತಿ ತನ್ನ ಚೀಲಕ್ಕೆ ಕಟ್ಟಿಕೊಂಡಳು.

ಈಗ ರೈಲು ಸೊಲ್ಲಾಪುರ ದಾಟಿ ಉತ್ತರಕ್ಕೆ ಓಡುತ್ತಿದೆ. ಹಳೆಯ ವಸ್ತುಗಳಿಗೆಲ್ಲ ಒಂದು ಅಟ್ಟವೋ ಗುಜರಿಯೋ ಸಿಗುತ್ತದೆ. ನನಗೆ ಅದೂ ಸಿಗಲಿಲ್ಲ. ಅಲ್ಲಿ ಹಿಮದ ಅಂಚಿನಲ್ಲಿ ಈ ಮಗು ನನ್ನನ್ನು ಬಿಚ್ಚಿ ಹಾಸುತ್ತದೆ, ಮಾಮನಿಗೇ ಸೊಗಸಾಗಿ ನಿದ್ದೆ ಬಂದ ಹಾಸಿಗೆ ಎಂದು ಹಲ್ಲು ಕಚ್ಚಿ ಮಲಗುತ್ತದೆ. ತಿರುಗಿ ಬಂದ ದಿನ ನೀಲಗಂಗಮ್ಮ ಬಾಗಿಲಲ್ಲೇ ನಿಂತು ನಿದ್ದೆ ಹೇಗೆ ಬಂತೆಂದು ಕೇಳುತ್ತಾರೆ. ಈ ಹುಡುಗಿಗೂ ಅತ್ತೆಯೆಂದರೆ ಪ್ರಾಣ.